ಒಣಗದ ಹಸಿರು

ಹಲೋ... ಹಾಂ, ಹಲೋ, ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ. ಕೈಯೆಲ್ಲ ಬಣ್ಣ, ಮೊಣಕೈಯಲ್ಲಿ ಒತ್ತಿ ಫೋನ್ ತಗೊಂಡಿದೀನಿ, ಯಾರ ನಂಬರ್ ಅಂತಾನೂ ನೋಡ್ಲಿಲ್ಲ.

...

ಓಹೋ. ನೀನಾ?

...

ಛೆ ಛೆ, ಕೋಪ ಯಾಕೆ? ಒಡಹುಟ್ಟಿದ ತಂಗಿ ನಾಲ್ಕು ತಿಂಗಳು ಮಾತು ಬಿಟ್ಟರೆ ಅಕ್ಕನಿಗೆ ಕೋಪ ಬರುತ್ತಾ? ನಾನಿಲ್ಲಿ ಗಾಜಿನ ಹಲಗೆ ಮೇಲೆ ಬಣ್ಣ ಅರೀತಾ ಆರಾಮಾಗಿದೀನಿ. ನೀನು ಅಂಗಡಿ ಟ್ಯೂಬ್ ಹಿಂಡ್ಕೊಂಡು ಚಿತ್ರ ಬರೀತಾ ಆರಾಮಾಗಿದೀಯ. ಅಲ್ವಾ?

...

ಅಂದೆ! "ಇಷ್ಟೆಲ್ಲ ಅರೆದು ಸಾಯೋ ಬದಲು ಟ್ಯೂಬ್ ತಗೋಬಾರದಾ ಅಕ್ಕ, ಎರಡೂ ಒಂದೇ" ಅಂತ ನನ್ನ ಹತ್ರ ಬಣ್ಣ ಕೊಳ್ಳೋ ಗಿರಾಕಿಗಳ ಎದುರಿಗೇ ಅಂದೆ. ಒಂದೇನಾ? ಟ್ಯೂಬಿನಲ್ಲಿ ಅರ್ಧ ಸೀಮೆಸುಣ್ಣ ಇರುತ್ತೆ ಕಣೇ, ನನ್ನದ್ರಲ್ಲಿ ಪುಡಿ ಬಿಟ್ಟರೆ ಎಣ್ಣೆ, ಎಣ್ಣೆ ಬಿಟ್ಟರೆ ಪುಡಿ... ಹೋಗ್ಲಿ ಬಿಡು. ಏನು ವಿಷ್ಯ?

...

ಅಮ್ಮನ ಚಿತ್ರಾನಾ? ಹಾಂ, ನಾಡಿದ್ದು ಅಮ್ಮನಿಗೆ ಎಪ್ಪತ್ತು ತುಂಬುತ್ತೆ, ಅವತ್ತೇ ಮುಂದಿನ ಕೋಣೆಯಲ್ಲಿ ತೂಗು ಹಾಕ್ಬೇಕು, ಗೊತ್ತು. ಮುಖ ಚೆನ್ನಾಗಿ ಬಂತಾ? ಎಡಗಡೆ ಹುಬ್ಬು ಒಂಚೂರು ಮೇಲಿದೆ, ಅದನ್ನ ಸರಿ ಮಾಡೋಕೆ ಹೋಗ್ಬೇಡ.

...

ಚಿತ್ರದಲ್ಲಿರೋ ಸ್ವೆಟರ್ ಒಣಗ್ತಿಲ್ವಾ? ಹಚ್ಚಿ ಎಷ್ಟು ದಿನ ಆಯ್ತು? ...ಮೂರು ವಾರ! ಅಮ್ಮ ಮುಟ್ಟಿ ನೋಡಿದ್ಲಾ? ಬೆರಳು ಹಸಿರಾಗಿದ್ದಕ್ಕೆ ಹೋಗಿ ಕಿಟಕಿ ಪರದೆಗೆ ಒರೆಸಿದ್ಲಾ? ಅಯ್ಯೋ, ತಡಿ, ನಗು ತಡೆಯೋಕಾಗ್ತಿಲ್ಲ. ಅದು ನಿನ್ನ ಟ್ಯೂಬಿನ ಗುಣ, ನನ್ನನ್ನ ಯಾಕೆ ಕೇಳ್ತೀಯ?

...

ಏನಂದೆ? ನನ್ನ ಬಣ್ಣಾನಾ?

...

ನಾನು ಕಳಿಸಿದ್ದಾ? ಡಬ್ಬಿ ಮೇಲೆ ಚೀಟಿ ಬೇರೆ ಇದೆಯಾ? ಓದು ನೋಡೋಣ.

...

"ಪ್ರೀತಿಯ ತಂಗಿಗೆ, ಕೋಪ ಬಿಡು, ಇಂತಿ ಅಕ್ಕ." ...ಹಾಂ. ಹಾಂ. ಇಲ್ಲ, ಕೇಳಿಸ್ತು. ಅದಿರ್ಲಿ, ಡಬ್ಬಿ ಮೂಸಿ ನೋಡಿ ಹೇಳು. ನಾನು ಬಣ್ಣಕ್ಕೆ ಹಾಕೋ ಅಗಸೆ ಎಣ್ಣೆ ವಾಸನೆ ಬರ್ತಿದೆಯಾ?

...

ಮಲ್ಲಿಗೆ ಘಮನಾ?

...

ಒಂದ್ನಿಮಿಷ ಇರು, ಬಾಗಿಲಲ್ಲಿ ಯಾರೋ ಬಂದಿದಾರೆ. ಫೋನ್ ಇಡ್ಬೇಡ.

...

ರೀ! ಬನ್ನಿ ಇಲ್ಲಿ. ಮೆಲ್ಲಗೆ ಮಾತಾಡಿ, ಅವಳಿಗೆ ಕೇಳಿಸುತ್ತೆ. ನನ್ನ ಹಸಿರು ಮಣ್ಣಿನ ಪುಡಿ ಯಾರು ಮುಟ್ಟಿದ್ದು? ...ಮುಖ ಆ ಕಡೆ ತಿರುಗಿಸ್ಬೇಡಿ. ನೀವೇ ಅರೆದ್ರಾ? ಯಾವ ಎಣ್ಣೆ ಹಾಕಿ? ...ಅಗಸೆ ಎಣ್ಣೆ ಇಟ್ಟಿದ್ದ ಬೀರುವಿಗೆ ಬೀಗ ಹಾಕಿತ್ತು, ಅದಕ್ಕೆ ನೀವು ತಲೆಗೆ ಹಚ್ಕೊಳ್ಳೋ ಮಲ್ಲಿಗೆ ಎಣ್ಣೆ! ಅಲ್ರೀ, ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತು ಕಾಫಿ ಕುಡಿದಿದೀರಿ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತೆ, ತಲೆ ಎಣ್ಣೆ ಯಾವ ಕಾಲಕ್ಕೂ ಆಗಲ್ಲ. ನಿಮ್ಮ ತಲೆದಿಂಬು ಒಣಗಿದೆಯಾ ಯಾವತ್ತಾದ್ರೂ? ...ಏನು? ...ನಾವಿಬ್ಬರೂ ಮಾತು ಬಿಟ್ಟಿದ್ದು ನೋಡೋಕಾಗ್ಲಿಲ್ಲ ಅಂತಾನಾ. ...ಆಯ್ತು, ಹೋಗಿ. ಯಾರ ಹತ್ರಾನೂ ಬಾಯಿ ಬಿಡ್ಬೇಡಿ.

...

ಹಾಂ, ಇದೀನಿ. ಯಾರೋ ವಿಳಾಸ ಕೇಳ್ಕೊಂಡು ಬಂದಿದ್ರು. ನೋಡು... ಆ ಹಸಿರು... ಹೌದು, ನಾನೇ ಕಳಿಸಿದ್ದು.

...

ಹೌದು ಕಣೇ, ನಾನೇ ಅರೆದೆ, ಚೀಟೀನೂ ನಾನೇ ಬರೆದೆ. ಎಣ್ಣೆ ಅದಲು ಬದಲಾಯ್ತು. ಹದಿನೆಂಟು ವರ್ಷದಲ್ಲಿ ನನ್ನ ಒಂದು ಡಬ್ಬಿ ಮೇಲೂ ದೂರು ಬಂದಿರ್ಲಿಲ್ಲ, ಈಗ ಬಂತು. ನನ್ನಿಂದ ತಪ್ಪಾಯ್ತು. ಕೇಳಿಸ್ತಾ? ಎರಡನೇ ಸಲ ಹೇಳಲ್ಲ.

...

ನಗ್ತಿದೀಯಾ? ಯಾಕೆ ನಗ್ತಿದೀಯಾ?

...

ಮೊದಲನೇ ದಿನವೇ ಗೊತ್ತಿತ್ತಾ? ಮುಚ್ಚಳ ತೆಗೆದ ಕೂಡ್ಲೇ ಭಾವನ ತಲೆ ಎದುರಿಗೆ ಬಂದ ಹಾಗಾಯ್ತಾ! ಕಳ್ಳಿ, ನನ್ನ ಬಾಯಲ್ಲಿ ಹಸೀ ಸುಳ್ಳು ಹೇಳಿಸಿ ಮಜಾ ತಗೊಂಡೆಯಾ? ತಾಳು ತಾಳು. ಒಣಗಲ್ಲ ಅಂತ ಗೊತ್ತಿದ್ದೂ ಅಮ್ಮನ ಸ್ವೆಟರಿಗೆ ಅದನ್ನೇ ಯಾಕೆ ಹಚ್ಚಿದೆ?

...

ಏನು? ಇನ್ನೊಂದ್ಸಲ ಹೇಳು.

...

ನನಗೆ ಫೋನ್ ಮಾಡೋಕೆ ಒಂದು ನೆಪ ಬೇಕಿತ್ತಾ. ...ಹುಚ್ಚಿ. ಹುಚ್ಚಿ ಕಣೇ ನೀನು. ನೆಪ ಹಚ್ಚಿಟ್ಟುಕೊಂಡೂ ಮೂರು ವಾರ ಸುಮ್ಮನೆ ಕೂತಿದ್ಯಲ್ಲ! ...ಹೌದು, ಅಳ್ತಿದೀನಿ, ಏನೀಗ? ಕೈತುಂಬ ಬಣ್ಣ, ಒರೆಸ್ಕೊಳ್ಳೋಕೂ ಆಗ್ತಿಲ್ಲ.

...

ಒಣಗದಿದ್ರೂ ಟ್ಯೂಬಿನ ಹಸಿರು ಇದರ ಮುಂದೆ ಸಪ್ಪೆ ಅಂತೀಯಾ? ಇದನ್ನ ಗಿರಾಕಿಗಳ ಎದುರಿಗೆ ಹೇಳ್ಬೇಕು ನೀನು.

...

ಸರಿ, ಈಗಲೇ ಚಿತ್ರ ಹೊತ್ಕೊಂಡು ಬಾ. ಆ ಸ್ವೆಟರನ್ನ ನೀನು ಪೂರ್ತಿ ಕೆರೆದು ತೆಗಿ, ನಾನು ಹೊಸ ಹಸಿರು ಅರೆದು ಕೊಡ್ತೀನಿ.

...

ನಾಡಿದ್ದಿಗೆ ಎಲ್ಲಿ ಒಣಗುತ್ತೆ? ಹಸಿಯಾಗೇ ತೂಗು ಹಾಕೋಣ. ಅಮ್ಮ ಮುಟ್ಟದ ಹಾಗೆ ನಿನ್ನ ಭಾವನನ್ನ ಕಾವಲಿಗೆ ನಿಲ್ಲಿಸ್ತೀನಿ, ಅವರಿಗೆ ಅದೇ ಶಿಕ್ಷೆ.

...

ಡಬ್ಬೀನಾ? ಬಣ್ಣ ಎಸಿ, ಚೀಟಿ ಮಾತ್ರ ಕೀಳ್ಬೇಡ. ಕೈಬರಹ ಅವರದಾದ್ರೂ ಬರೆದದ್ದು ಸುಳ್ಳಲ್ಲ ಕಣೇ. ನಾನೇ ಬರೀಬೇಕಿತ್ತು, ಜಂಬ ಅಡ್ಡ ಬಂತು. ನೀನಿಲ್ಲದೆ ಈ ನಾಲ್ಕು ತಿಂಗಳು ನನಗೆ... ಹಲೋ? ಹಲೋ? ಕೇಳಿಸ್ತಾ? ...ಹಲೋ?

...

ರೀ, ಕಟ್ಟಾಯ್ತು. ಎಲ್ಲಿತನಕ ಕೇಳಿಸ್ತೋ ಏನೋ. ಇದನ್ನೆಲ್ಲ ಇನ್ನೊಂದ್ಸಲ ಹೇಳೋಕೆ ನನ್ನಿಂದಾಗಲ್ಲ, ಅವಳು ಬರೋದ್ರೊಳಗೆ ನೀವೇ ಇನ್ನೊಂದು ಚೀಟಿ ಬರೆದುಬಿಡಿ.