ವಿದ್ಯಾವತಿ ಬರೆದ ಸಾಲು

ಮುದ್ದೇಬಿಹಾಳದ ನೆರೆ ಎಚ್ಚರಿಕೆ ಕೇಂದ್ರದ ತಗಡಿನ ಮೇಲೆ ಸಂಜೆಯಿಂದ ಮಳೆ ಒಂದೇ ಸವನೆ ಬಡಿಯುತ್ತಿತ್ತು. ಕರೆಂಟು ಹೋಗಿ, ಒಂದು ದೀಪ ಮತ್ತು ಪಲ್ಲವಿಯ ಲ್ಯಾಪ್‌ಟಾಪ್ ಅಷ್ಟೇ ಬೆಳಗುತ್ತಿದ್ದವು. ಹೊಳೆಗೆ ನೀರು ಬಿಡುವಾಗ ದಂಡೆಯವರಿಗೆ ತಾನಾಗಿ ಫೋನ್ ಹಚ್ಚುವ ತಂತ್ರಾಂಶವನ್ನು ಹೊಸದು ಮಾಡಲು ಗುತ್ತಿಗೆ ಕಂಪನಿ ಅವಳನ್ನು ಕಳಿಸಿತ್ತು. ಆದರೆ ಮುಂಜಾನೆಯಿಂದ ಆ ತಂತ್ರಾಂಶವನ್ನು ಹೊತ್ತು ಓಡುವ ಹೊಸ ಕಂಟೇನರ್ ನೆಲೆ ನಿಲ್ಲಲೊಲ್ಲದು, ಹಳೆಯದು ಹೋಗಲೊಲ್ಲದು. ಇವತ್ತು ಮುಗಿಯದಿದ್ದರೆ ಬೇರೆ ಕೆಲಸ ನೋಡಿಕೋ ಎಂದು ಮೇಲಿನವರು ಹೇಳಿಯಾಗಿತ್ತು.

ಚಹಾ ತಂದ ಆಪರೇಟರ್ ಭೀಮು, "ಸಾಹೇಬ್ರನ್ನ ಕೇಳ್ರಿ ಅಕ್ಕಾರ," ಎಂದು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಈ ಕೇಂದ್ರ ಕಟ್ಟಿ ನಿವೃತ್ತರಾದ ಇಂಜಿನಿಯರ್ ಬಸವಂತರಾಯರು, ಮಳೆ ಹಿಡಿದರೆ ಮನೆಯಲ್ಲಿ ನಿಲ್ಲದ ಮುದುಕ, ಕಂಬಳಿಯೊಳಗಿಂದ ನಕ್ಕರು.

"ಕೂಡ್ರವ್ವಾ... ಇದನ್ನ ಬರದಾಕಿ ವಿದ್ಯಾವತಿ, ಯಂಕಂಚಿ ಕಡೆ ಕುರಿ ಕಾಯೋರ ಮಗಳು. ಯಾವ ಕಂಟೇನರ್ ಓಡಬೇಕು, ಹೆಂಗ ಬದಲಾಗಬೇಕು, ಎಲ್ಲಾ ಒಂದು ಫೈಲಿನಾಗ ಬರದಿಟ್ಟಿದ್ಲು. ಕೈಲೆ ಏನೂ ಮುಟ್ಟಾಂಗಿಲ್ಲ. ಫೈಲ್ ತಿದ್ದಿ ಓಡಿಸಿದ್ರ ಹೊಸಾವು ಹುಟ್ಟತಾವ, ಹಳೇವು ಒಂದೊಂದಾಗಿ ಸಾಯ್ತಾವ. ಅದರಾಗ ಆಕೀದೊಂದು ಹಟ ನೋಡ್ರಿ... ಹೊಸಾದು ಹುಟ್ಟಿದ ಕೂಡಲೇ ದಂಡಿ ಮ್ಯಾಗಿನ ಒಬ್ಬ ಕುರಿಯವಗ ಫೋನ್ ಹಚ್ಚಬೇಕು. ಅಂವ 'ಬಂದೆ' ಅಂದ್ರ ಮಾತ್ರ ಹಳೇದು ಸಾಯಬೇಕು. ಅಲ್ಲೀತನಕ ಇಲ್ಲಂದ್ರ ಇಲ್ಲ! ದನಿನೂ ಆಕೀದ. 'ಏ ಸಿದ್ದರಾಯ, ಹೊಳಿ ಬರಾಕತ್ತೇತಿ, ಬಿದ್ಕೊಂಡಿಯೇನೋ, ಕುರಿ ಹೊಡ್ಕೊಂಡು ಮ್ಯಾಲ ಹತ್ತು!' ಬೈದ್ರ ಏಳೋ ಮಂದಿ, ಕೈಮುಗದ್ರ ಏಳ್ತಾರೇನು?"

"ಏಳಂಗಿಲ್ರಿ," ಎಂದ ಭೀಮು.

"ಒಂದು ಜ್ವರಕ್ಕ ಹೋಗಿಬಿಟ್ಲು ಹುಡುಗಿ... ಆಮ್ಯಾಲ ಇನ್ನೊಂದು ಕಂಪನಿಯಿಂದ ಅನಿಲಕುಮಾರ ಅಂತ ಬಂದ. ಯಂತ್ರದ ದನಿ ತಂದ... 'ದಯವಿಟ್ಟು ಸುರಕ್ಷಿತ ಸ್ಥಳಕ್ಕೆ ತೆರಳಿರಿ' ಅನ್ನೋದು. ಯಾವುದೋ ಜಾಹೀರಾತು ಅಂತ ಎಲ್ಲಾರೂ ಫೋನ್ ಇಟ್ರು. 'ಬಂದೆ' ಅನ್ನವರಿಲ್ಲ, ಹಳೇದು ಸಾಯವಲ್ದು! ಸಿಟ್ಟಿಲೆ ಅಂವ ಆಕಿ ಬರೆದ ಸಾಲು ಅಳಿಸಿದ, ದನಿನೂ ಅಳಿಸಿದ, ಓಡಿಸಿದ. ಹಳೇವು ಎಲ್ಲಾ ಸತ್ತವು. ಎದುರಿಗೇ ನಿಂತು ನೋಡೇನಿ.

"ಮರುದಿನ ಮಟಮಟ ಮಧ್ಯಾಹ್ನ ನೀರು ಬಂತು. ಯಂತ್ರ ಫೋನ್ ಹಚ್ಚಿತು, ಒಬ್ರೂ ಕೇಳ್ಸಿಕೊಳ್ಳಲಿಲ್ಲ. ನಾವು ಜೀಪ್ ತಗೊಂಡು ಎದ್ದೂ ಬಿದ್ದೂ ಓಡಿದ್ವಿ... ದಂಡಿ ಖಾಲಿ! ಕುರಿ, ಕೂಸು, ಕಂಬಳಿ, ಎಲ್ಲಾ ದಿಬ್ಬದ ಮ್ಯಾಲ. ಸಿದ್ದರಾಯನ್ನ ಕೇಳಿದ್ರ, 'ಫೋನಿನಾಗ ವಿದ್ಯಕ್ಕ ಬೈದ್ಲರಿ' ಅಂದ. ಏನಂತ ಬೈದ್ಲು? 'ಕೂಸಿನ ಜೋಳಗಿ ಜಾಲಿ ಗಿಡಕ್ಕ ಕಟ್ಟಿ ಮರ್ತಿ, ಮೊದಲ ಅದನ್ನ ಬಿಚ್ಚು' ಅಂದ್ಲಂತ... ಆ ಕೂಸು ಹುಟ್ಟಿದ್ದು ಆಕಿ ಸತ್ತ ಮ್ಯಾಲರೀ."

ಭೀಮು ಲೋಟ ಕೆಳಗಿಟ್ಟ. ಅಷ್ಟರಲ್ಲಿ ಪಲ್ಲವಿಯ ಫೋನ್ ಬಡಿದುಕೊಂಡಿತು. ಕಂಪನಿಯ ಮ್ಯಾನೇಜರ್. ಹಳೆಯದನ್ನು ಬಲವಂತವಾಗಿ ಕೊಂದು ಮುಗಿಸು ಎಂದು ಅವನು ಕೂಗಿದ್ದು ಮೂವರಿಗೂ ಕೇಳಿತು.

"ಕೊಲ್ಲಂಗಿಲ್ರಿ," ಎಂದಳು ಪಲ್ಲವಿ. "ದಂಡಿಯವರು 'ಬಂದೆ' ಅನ್ನೋತನಕ ಕೊಲ್ಲಂಗಿಲ್ಲ. ನನ್ನ ಕೆಲಸ ತಗೀತೀರಾ? ತಗೀರಿ. ಇಲ್ಲಿ ಹೊಳಿ ಐತಿ, ನಿಮ್ಮ ಆಫೀಸಿನಾಗ ಇಲ್ಲ."

ಫೋನ್ ಆರಿಸಿದಳು. ಎದೆ ಹಗುರಾಗಿತ್ತು. ಅಳಿಸಿದ ಆ ಹಟದ ಸಾಲನ್ನು ಆಮೇಲೆ ಯಾರೋ ಮತ್ತೆ ಸೇರಿಸಿರಬೇಕು ಎಂದುಕೊಂಡು, ಅದನ್ನು ಕಣ್ಣಾರೆ ನೋಡಬೇಕೆನಿಸಿ ಫೈಲು ತೆರೆದಳು. ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ ಹುಡುಕಿದಳು. ಪರದೆಯ ಮೂಲೆಯಲ್ಲಿ ಹಳೆಯ ಕಂಟೇನರ್ ಹಸಿರಾಗಿ ಓಡುತ್ತಲೇ ಇತ್ತು.

"ಸಾಲು ಎಲ್ಲೂ ಕಾಣವಲ್ದಲ್ರಿ, ಕಾಕಾ?"

ಮುದುಕರು ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡರು.

"ಹೆಂಗ ಕಾಣ್ತೈತವ್ವಾ... ಅದನ್ನ ಅನಿಲಕುಮಾರ ಅವತ್ತೇ ಅಳಿಸ್ಯಾನ. ಮತ್ತ ಮುಂಜಾನಿಂದ ನಿಮ್ಮ ಕೈ ಹಿಡಿದು ನಿಲ್ಲಿಸಿದಾಕಿ ಯಾರಂತ ತಿಳಿದ್ರಿ?"