ಮೊದಲ ಗುಂಡು ಯಾರದ್ದು

ಕೋವಿ ಅಂಗಡಿಯ ಕೌಂಟರಿನ ಮುಂದೆ ಸಾಲು ಕರಗುವಂತಿರಲಿಲ್ಲ. ಮಾಲೀಕನ ಸಹಿಗಾಗಿ ಕಾಯುತ್ತಿದ್ದ ಅಂಚೆಯವನು, ಬೇಡಬೇಡವೆಂದರೂ, ಮುಂದೆ ನಿಂತಿದ್ದ ಅಣ್ಣ ತಂಗಿಯ ಮಾತಿಗೆ ಕಿವಿಗೊಟ್ಟ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಬೇಟೆ ಕೋವಿಯೊಂದು ಅಣ್ಣನ ಹೆಗಲ ಮೇಲಿತ್ತು.

"ಈ ಸಲ ಹೊಗೆ ಬರದ ಮದ್ದು ತಗೊಳ್ಳೋಣ ಕಣೇ. ಕೋವಿ ತೊಳೆಯೋ ರಗಳೆನೇ ಇರಲ್ಲ."

"ಅದು ಹೊಸ ಕೋವಿಗಳಿಗೆ ಅಣ್ಣಾ. ಅದರ ಬಿರುಸನ್ನ ಅಪ್ಪನ ಈ ಕೋವಿಯ ನಳಿಗೆ ತಡೆಯಲ್ಲ, ಸಿಡಿದುಹೋಗುತ್ತೆ."

"ಅರ್ಧ ಅಳತೆ ಹಾಕಿದ್ರಾಯ್ತು."

"ಸಿಡಿದಾಗ ಕಣ್ಣೂ ಅರ್ಧವೇ ಹೋಗುತ್ತಾ?"

ಅಂಚೆಯವನು ಕೆಮ್ಮಿದಂತೆ ಮಾಡಿ ನಗು ನುಂಗಿದ.

"ಆ ಹಳೇ ಕಪ್ಪು ಮದ್ದಿನಿಂದ ನಳಿಗೆಗೆ ತುಕ್ಕು ಹಿಡಿಯುತ್ತಲ್ಲ! ಹೋದ ಸಲ ಎಣ್ಣೆ ಹಚ್ಚಿಯೇ ಇಟ್ಟಿದ್ದೆ."

"ನೀನು ತೊಳೀದೆ ಹಚ್ಚಿದ್ದೆ. ಮಸಿ ಒಳಗೇ ಉಳಿದು ನಳಿಗೇನ ತಿಂತು. ಮೊದಲು ಬಿಸಿನೀರು, ಸೋಪು. ಆಮೇಲೆ ಒಣಬಟ್ಟೆ. ಎಣ್ಣೆ ಕೊನೆಗೆ. ಅಪ್ಪ ಇಷ್ಟೂ ಮಾಡದೆ ತಟ್ಟೆ ಮುಂದೆ ಕೂರ್ತಿರಲಿಲ್ಲ."

"ಕಾಡು ಸುತ್ತಿ ಸುಸ್ತಾಗಿ ಬಂದು ಯಾರು ತೊಳೀತಾರೆ?"

"ನಾನು."

ಅಷ್ಟರಲ್ಲಿ ಅವರ ಸರದಿ ಬಂತು. ಅಣ್ಣ ಬಾಯಿ ತೆರೆಯುವ ಮೊದಲೇ ತಂಗಿ ಹೇಳಿದಳು, "ಕಪ್ಪು ಮದ್ದು, ಒಂದು ಡಬ್ಬಿ."

"ಆಯ್ತಮ್ಮಾ, ನೀನೇ ಗೆದ್ದೆ. ಆದ್ರೆ ಮುಂದಿನ ಬೇಟೇಲಿ ಮೊದಲ ಗುಂಡು ನಂದು."

"ಅಪ್ಪ ಹಾಕಿದ ನಿಯಮ ಮರೆತೆಯಾ? ತೊಳೆದೋರದ್ದೇ ಮೊದಲ ಗುಂಡು."

ಅಣ್ಣ ದುಡ್ಡು ಕೊಟ್ಟು ಡಬ್ಬಿ ಎತ್ತಿಕೊಂಡ. ಆಮೇಲೆ ಕೋವಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ತಂಗಿಗಿಂತ ಮುಂದಾಗಿ ಮೆಟ್ಟಿಲಿಳಿಯುತ್ತ ಕೇಳಿದ:

"ಮನೇಲಿ ಸೋಪು ಇದೆಯೇನೇ?"