ಬೀಳೋರು ಬೇಕಾಗ್ಯಾರ

…ಅರವತ್ತೆರಡು ಸಿನಿಮಾ ಅಂದ್ರ ಅರವತ್ತೆರಡರಾಗೂ ಬಿದ್ದದ್ದೇ. ಯಾಕ ನಗ್ಲಿಕತ್ತಿ ದೇವಿಂದ್ರಪ್ಪ? ಖರೇ ಹೇಳ್ತೀನಿ. ಮದ್ರಾಸಿನಾಗ ಹೀರೋ ಅಂಬೋ ಮನಷ್ಯಾನ ಸೊಂಟ ನನ್ನ ತೊಡಿಯಷ್ಟು ದಪ್ಪ ಇರಂಗಿಲ್ಲ, ಅಂವ ಮುಟ್ಟೋದ್ರಾಗ ನಾ ಹಾರಿ ಬೀಳ್ಬೇಕು. ಮೆಟ್ಟಲಿಂದ ಬಿದ್ದೀನಿ, ಬಣವಿ ಮ್ಯಾಲಿಂದ ಬಿದ್ದೀನಿ. ಒಂದರಾಗಂತೂ ಹೀರೋನ ಕೈ ನಂಗ ಹತ್ತೇ ಇಲ್ಲ, ಆದ್ರೂ ಗಾಜಿನ ಕಿಡಕಿ ಒಡಕೊಂಡು ಹೊರಗ ಬಿದ್ದೆ. ಇಲ್ಲೇ ನಿಮ್ಮ ವಾಡಿ ಟಾಕೀಜಿನಾಗ ಮಂದಿ ಸೀಟಿ ಹೊಡದ್ರಂತ. ನಂಗಲ್ಲ, ಅವಂಗ.

ಅದಕ್ಕೇ ಬಂದೀನಿ ನಿನ್ನ ಬಲ್ಲಿ. ನಾಳೆ ಶಹಾಬಾದಿನಾಗ ನಂಗ ಶಾಲು ಹೊದಸ್ತಾರ. ನೀ ಸ್ಟೇಜ್ ಮ್ಯಾಲ ಬಂದು ಒಂದೇ ಮಾತು ಹೇಳ್ಬೇಕು, ಅರವತ್ನಾಲ್ಕರಾಗ ಚಿತ್ತಾಪುರದ ಕುಸ್ತಿ ಕಣದಾಗ ಈ ಮಶಾಕನ ನಾ ಚಿತ್ ಮಾಡೀನಿ ಅಂತ. ಅಷ್ಟೇ. ಇಡೀ ಜಿಂದಗಿನಾಗ ನಾ ಖರೇ ಖರೇ ಬಿದ್ದದ್ದು ಅದೊಂದೇ. ನೀ ಹೇಳಿದ್ರ ಮಂದಿ ತಿಳ್ಕೊಂತಾರ, ಇಂವ ಬರೇ ನಾಟಕದಾಂವ ಅಲ್ಲ, ಪೈಲ್ವಾನ ಇದ್ದ ಅಂತ. ನಿಂಗೂ ಮಾನ. ಆ ಕುಸ್ತಿ ಮ್ಯಾಲೇ ಅಲ್ಲೇನು ನಿಂಗ ಫ್ಯಾಕ್ಟರಿ ಗೇಟಿನ ನೌಕರಿ ಸಿಕ್ಕದ್ದು? ಇಪ್ಪತ್ತು ವರ್ಷಾತು, ಇವತ್ತಿಗೂ ನಿಂಗ 'ಮಶಾಕನ ಕೆಡವಿದಾಂವ' ಅಂತಾರ.

ಮದ್ರಾಸಿಗೆ ಹೆಂಗ ಹೋದಿ ಅಂತಿ? ಅಯ್ಯ, ಹೇಳಿಲ್ಲೇನು ನಿಂಗ… ಸಿನಿಮಾ ಕಂಪನಿ ಏಜೆಂಟ ಒಬ್ಬಾಂವ ಬಂದಿದ್ದ. ಟೇಶನ್ನಾಗ ಚಹಾ ಕುಡ್ಕೋತ ಅಂದ, "ಗೆಲ್ಲೋರು ನಮ್ಮಲ್ಲಿ ಭಾಳ ಮಂದಿ ಅದಾರಪಾ, ಎಲ್ಲಾರೂ ಹೀರೋಗಳೇ. ನಮಗ ಬೀಳೋರು ಬೇಕಾಗ್ಯಾರ. ಛಂದಾಗಿ ಬೀಳೋರು. ನಾಳೆ ಕುಸ್ತಿಯಾಗ ನೋಡ್ತೀನಿ ನಿನ್ನ." ನಾ ಅಂದೆ…

ಏನಾತು? ಚಹಾದ ಬಸಿ ಯಾಕ ಕೆಳಗಿಟ್ಟಿ?

ನಾಳೆ ಅಂದ್ನ್ಯಾ ನಾನು? ಇಲ್ಲ, ಇಲ್ಲ… ಕುಸ್ತಿ ಆದ ಮ್ಯಾಲೇ ಸಿಕ್ಕಿದ್ದ ಅಂವ. ನಾಲಿಗಿ ತಪ್ಪಿತು. ಭಾಳ ವರ್ಷದ ಮಾತು ನೋಡು… ಹಂಗ ನೋಡಬ್ಯಾಡ. ನಿನ್ನ ಪಟ್ಟು ಖರೇನೇ ಕೂತಿತ್ತು. ನಾ ಸ್ವಲ್ಪ… ಸೊಂಟ ಸಡ್ಲ ಬಿಟ್ಟೆ. ಅಷ್ಟೇ.

ಬೈಯಿ ಬೇಕಾದ್ರ. ಅವತ್ತೇ ಹೇಳ್ಬೇಕಂತ ನಿನ್ನ ಬಲ್ಲಿ ಬಂದಿದ್ದೆ. ಮಂದಿ ನಿನ್ನ ಹೆಗಲ ಮ್ಯಾಲ ಹೊತ್ತಿದ್ರು, ನೀ ಖುಷಿಗೆ ಅಳ್ಲಿಕತ್ತಿದ್ದಿ. ಆಮ್ಯಾಲ ಹೇಳೋಣು, ಹೇಳೋಣು ಅನ್ಕೋತ ಮದ್ರಾಸ ಬಂತು.

ನಾಳೆ ಬರಬ್ಯಾಡ ನೀ. ನಂಗ ಆ ಶಾಲೂ ಬ್ಯಾಡ. ಅಂಗಳಕ ಬಾ, ಅಂಗಿ ಬಿಚ್ಲಿಕತ್ತೀನಿ. ವಯಸ್ಸಾದ್ರ ಏನಾತು, ಇಬ್ಬರಿಗೂ ಆಗ್ಯಾದ. ಈ ಸಲ ನಾ ಬೀಳಂಗಿಲ್ಲ, ನೀನೇ ಕೆಡವಬೇಕು.

ಏಳೋ ದೇವಿಂದ್ರಪ್ಪ… ಯಾರಿಗೂ ಹೇಳಬ್ಯಾಡ ಅಂತ ನಂಗ ಯಾಕ ಕೈ ಮುಗಿಲಿಕತ್ತಿ?